ಪಾತ್ರ ಉಳಿಯಿತು, ಪಾತ್ರಧಾರಿ ಏನಾದ?

ಧಾರಾವಾಹಿಯೊಂದರಲ್ಲಿ ನಿನ್ನೆಯವರೆಗೆ ಒಬ್ಬ ನಟ ಮಾಡುತ್ತಿದ್ದ ಪಾತ್ರಕ್ಕೆ ಇಂದು ಇನ್ನೊಬ್ಬ ಬಂದು ನಿಲ್ಲುತ್ತಾನೆ. ಅದೇ ಹೆಸರು, ಅದೇ ಮನೆ, ಅದೇ ಹೆಂಡತಿ, ಅದೇ ಮಕ್ಕಳು. ಮುಖ ಮಾತ್ರ ಬೇರೆ. ಕೆಲವು ಸಲ ಪರದೆಯ ಕೆಳಗೆ ಒಂದು ಸಾಲು ಬರಹ ಹಾದುಹೋಗುತ್ತದೆ: ಇನ್ನು ಮುಂದೆ ಈ ಪಾತ್ರದಲ್ಲಿ ಇಂತಹವರು. ಕೆಲವು ಸಲ ಅದೂ ಇಲ್ಲ. ಅಪಘಾತವಾಯಿತು, ಮುಖಕ್ಕೆ ಬ್ಯಾಂಡೇಜು ಸುತ್ತಿದರು, ಬಿಚ್ಚಿದಾಗ ಹೊಸ ಮುಖ ಬಂತು ಎಂದು ಕಥೆಯೊಳಗೇ ಒಂದು ದಾರಿ ಮಾಡಿಕೊಳ್ಳುವುದೂ ಉಂಟು. ಮರುದಿನ ಪಾಳಿ ಬಿಡುವ ಹೊತ್ತಿಗೆ ಗಿರಣಿಯ ಬಾಗಿಲಲ್ಲಿ, ಚಹದ ಅಂಗಡಿಯಲ್ಲಿ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಅದೇ ಮಾತು. ಹಳಬನೇ ಚೆನ್ನಾಗಿದ್ದ ಎನ್ನುವವರು ಕೆಲವರು. ಹೊಸಬನೂ ಪರವಾಗಿಲ್ಲ ಎನ್ನುವವರು ಕೆಲವರು.

ಇದು ಕೆಲಸವಿಲ್ಲದವರ ಹರಟೆ, ಪತ್ರಿಕೆಯಲ್ಲಿ ಬರೆಯತಕ್ಕ ವಿಷಯವಲ್ಲ ಎಂದು ಕೆಲವು ವಿದ್ಯಾವಂತರು ಮೂಗು ಮುರಿಯಬಹುದು. ನಮ್ಮ ಅಭಿಪ್ರಾಯ ಹಾಗಿಲ್ಲ. ಗಿರಣಿಯಲ್ಲಿ ದುಡಿದವರಿಗೆ ಬದಲಿ ಎಂಬ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯಮ್ಮಾದವನು ಬಾರದ ದಿನ ಅವನ ಮಗ್ಗದ ಮುಂದೆ ನಿಲ್ಲುವವನು ಬದಲಿ. ಮಗ್ಗ ನಿಲ್ಲಬಾರದು, ನೆಯ್ಗೆ ನಿಲ್ಲಬಾರದು. ಮಗ್ಗದ ಮುಂದೆ ಯಾರು ನಿಂತರೆ ಮಾಲೀಕನಿಗೇನು? ನಾಟಕ, ಸಿನಿಮಾ, ಧಾರಾವಾಹಿಯಲ್ಲಿ ಪಾತ್ರಧಾರಿಯನ್ನು ಬದಲಿಸುವುದೂ ಮೂಲತಃ ಇದೇ ಪ್ರಶ್ನೆ. ಬಣ್ಣ, ದೀಪ, ಸಂಗೀತಗಳ ಮರೆಯಲ್ಲಿ ಅದು ನಮಗೆ ಕಾಣುವುದಿಲ್ಲ, ಅಷ್ಟೆ.

ಬದಲಾವಣೆ ಪಾಪವಲ್ಲ

ಮೊದಲಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಒಂದು ಪಾತ್ರವನ್ನು ಒಬ್ಬನೇ ನಟ ಕೊನೆಯವರೆಗೂ ಮಾಡಬೇಕೆಂಬ ಹಟ ನಮ್ಮದಲ್ಲ. ನಮ್ಮ ನಾಡಿನ ರಂಗಭೂಮಿಗೂ ಅಂತಹ ಹಟ ಎಂದೂ ಇರಲಿಲ್ಲ. ಯಕ್ಷಗಾನದಲ್ಲಿ ಕೌರವನ ಪಾತ್ರವನ್ನು ಎಷ್ಟು ಮಂದಿ ಮಾಡಿಲ್ಲ? ಕೆರೆಮನೆ ಶಿವರಾಮ ಹೆಗಡೆಯವರ ಕೌರವ ದೊಡ್ಡ ಹೆಸರು ಪಡೆದಿತ್ತು. ಅವರ ಬಳಿಕವೂ ಕೌರವ ರಂಗಸ್ಥಳಕ್ಕೆ ಬರುತ್ತಲೇ ಇದ್ದಾನೆ. ಜನ ನೋಡುತ್ತಲೇ ಇದ್ದಾರೆ. ಗುಬ್ಬಿ ಕಂಪನಿಯ ಸದಾರಮೆ ನಾಟಕದಲ್ಲಿ ವೀರಣ್ಣನವರು ಮಾಡುತ್ತಿದ್ದ ಕಳ್ಳನ ಪಾತ್ರವನ್ನು ಕಂಡು ನಕ್ಕ ಜನ ಎಷ್ಟೋ. ಆ ಪಾತ್ರವನ್ನು ಬೇರೆಯವರೂ ಮಾಡಿದರು. ಈತನ ಕಳ್ಳನನ್ನು ನೋಡಿದೆವು, ಆತನ ಕಳ್ಳನನ್ನೂ ನೋಡೋಣ ಎಂದು ಹೋಗುವ ರಸಿಕತೆ ನಮ್ಮ ಹಳ್ಳಿಯ ಜನರಲ್ಲೇ ಇತ್ತು. ಎರಡು ರೂಪಗಳನ್ನು ತೂಗಿ ನೋಡುವುದೇ ಒಂದು ಸಂತೋಷ.

ಸಾವು ಬಂದಾಗಲಂತೂ ಬೇರೆ ದಾರಿಯೇ ಇಲ್ಲ. ಹ್ಯಾರಿ ಪಾಟರ್ ಚಿತ್ರಮಾಲೆಯಲ್ಲಿ ಮುಖ್ಯೋಪಾಧ್ಯಾಯ ಡಂಬಲ್‌ಡೋರ್‌ನ ಪಾತ್ರವನ್ನು ಮೊದಲ ಎರಡು ಚಿತ್ರಗಳಲ್ಲಿ ಮಾಡಿದ ರಿಚರ್ಡ್ ಹ್ಯಾರಿಸ್ 2002ರ ಅಕ್ಟೋಬರಿನಲ್ಲಿ ತೀರಿಕೊಂಡರು. 2004ರ ಮೂರನೆಯ ಚಿತ್ರದಿಂದ ಆ ಗಡ್ಡ, ಆ ನಿಲುವಂಗಿ ಮೈಕೆಲ್ ಗ್ಯಾಂಬನ್ ಅವರ ಪಾಲಿಗೆ ಬಂದವು. ನಮ್ಮ ದೇಶದಲ್ಲಿ 2008ರಲ್ಲಿ ಆರಂಭವಾದ ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ ಎಂಬ ಹಿಂದಿ ಧಾರಾವಾಹಿಯ ನಟ್ಟು ಕಾಕಾನನ್ನು ನೋಡದ ಅಂಗಡಿಕಾರರು ಕಡಿಮೆ. ಅಂಗಡಿಯ ಹಳೆಯ ಗುಮಾಸ್ತೆಯ ಪಾತ್ರ ಅದು. ಅದನ್ನು ಮಾಡುತ್ತಿದ್ದ ಘನಶ್ಯಾಮ ನಾಯಕ್ ಕ್ಯಾನ್ಸರ್ ಬೇನೆಯಿಂದ 2021ರ ಅಕ್ಟೋಬರಿನಲ್ಲಿ ಕಾಲವಾದರು. 2022ರಲ್ಲಿ ಕಿರಣ್ ಭಟ್ ಆ ಗಲ್ಲೆಯ ಬಳಿ ಬಂದು ನಿಂತರು. ಯಾರಾದರೂ ಇದನ್ನು ಅನ್ಯಾಯ ಎಂದರೆ ನಾವು ಒಪ್ಪುವುದಿಲ್ಲ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ದಿನವೂ ಪ್ರಸಾರವಾಗುವ ಧಾರಾವಾಹಿಯಲ್ಲಿ ಒಬ್ಬ ನಾಯಕ ನಟ ಬಾರದಿದ್ದರೆ ದೀಪ ಹಿಡಿಯುವವನು, ಬಣ್ಣ ಹಚ್ಚುವವನು, ಬಟ್ಟೆ ಹೊಲಿಯುವವನು, ಅಡುಗೆ ಮಾಡುವವನು ಎಲ್ಲರ ದಿನಗೂಲಿಗೂ ಕಲ್ಲು ಬೀಳುತ್ತದೆ. ಹೆಸರು ಬಂದ ಮೇಲೆ ನೆಲ ಕಾಣದೆ ನಡೆಯುವ ನಟರೂ ಇದ್ದಾರೆ. ಕೆಲಸ ನಡೆಯಲೇಬೇಕೆಂದು ನಿರ್ಮಾಪಕ ಬದಲಿಯನ್ನು ತಂದರೆ ಅದೊಂದನ್ನೇ ಹಿಡಿದು ಅವನನ್ನು ಖಳನೆನ್ನುವುದು ಸರಿಯಲ್ಲ.

ಹಾಗಾದರೆ ತಕರಾರು ಯಾವುದು?

ಪಾತ್ರ ಯಾರ ಸೊತ್ತು?

ಯಕ್ಷಗಾನದ ಕೌರವನಿಗೂ ಧಾರಾವಾಹಿಯ ನಾಯಕನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕೌರವ ಯಾವ ಧಣಿಯ ಸೊತ್ತೂ ಅಲ್ಲ. ಒಂದು ಮೇಳದ ಯಜಮಾನರೊಡನೆ ಮನಸ್ತಾಪವಾದರೆ ಕಲಾವಿದ ತನ್ನ ಕೌರವನನ್ನು ಕರೆದುಕೊಂಡು ಇನ್ನೊಂದು ಮೇಳಕ್ಕೆ ಹೋಗಬಲ್ಲ. ಅವನು ವರ್ಷಗಟ್ಟಲೆ ಕಲಿತ ಕುಣಿತ, ಮಾತುಗಾರಿಕೆ, ಗತ್ತು ಎಲ್ಲವೂ ಅವನ ಜೊತೆಗೇ ಹೋಗುತ್ತವೆ. ಬಡಗಿ ತನ್ನ ಉಳಿ ಬಾಚಿಗಳನ್ನು ಚೀಲಕ್ಕೆ ಹಾಕಿಕೊಂಡು ಬೇರೆ ಕೆಲಸಕ್ಕೆ ಹೋದಂತೆ.

ಧಾರಾವಾಹಿಯ ನಟನಿಗೆ ಈ ಸ್ವಾತಂತ್ರ್ಯವಿಲ್ಲ. ಆತ ನಾಲ್ಕು ವರ್ಷ ಬೆವರು ಸುರಿಸಿ ಒಂದು ಹೆಸರಿಗೆ ಜೀವ ತುಂಬುತ್ತಾನೆ. ಬೀದಿಯಲ್ಲಿ ಜನ ಅವನನ್ನು ಸ್ವಂತ ಹೆಸರಿನಿಂದಲ್ಲ, ಪಾತ್ರದ ಹೆಸರಿನಿಂದ ಕೂಗುತ್ತಾರೆ. ಆದರೆ ಕಾಗದದಲ್ಲಿ ಆ ಹೆಸರು, ಆ ಉಡುಪು, ಆ ಮಾತಿನ ವರಸೆ ಎಲ್ಲವೂ ಕಂಪನಿಯ ಆಸ್ತಿ. ಹೊರಗೆ ಬಂದ ದಿನ ಆತ ಬರಿಗೈ. ಆ ಪಾತ್ರವನ್ನು ಬೇರೆ ಎಲ್ಲಿಯೂ ಮಾಡುವಂತಿಲ್ಲ. ಬೇರೆ ಪಾತ್ರ ಕೇಳಲು ಹೋದರೆ, ನಿಮ್ಮ ಮುಖ ನೋಡಿದರೆ ಜನಕ್ಕೆ ಅದೇ ನೆನಪಾಗುತ್ತದೆ ಎಂದು ಬಾಗಿಲು ಹಾಕುತ್ತಾರೆ. ಪಾತ್ರವೂ ಹೋಯಿತು, ಪಾತ್ರದ ನೆರಳು ಮಾತ್ರ ಬೆನ್ನಿಗಂಟಿತು.

ನಮ್ಮ ವ್ಯಾಪಾರಿ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಅಂಗಡಿಯ ಬೆಲೆ ಅದರ ಗೋಡೆ, ಮಾಡು, ಸರಕುಗಳಲ್ಲಿ ಮಾತ್ರ ಇರುವುದಿಲ್ಲ. ಜನರ ನಂಬಿಕೆಯಲ್ಲಿ ಇರುತ್ತದೆ. ಆ ನಂಬಿಕೆಯನ್ನು ಇಪ್ಪತ್ತು ವರ್ಷ ಗಿರಾಕಿಗಳೊಡನೆ ನಗುನಗುತ್ತ ಮಾತಾಡಿದ ಗುಮಾಸ್ತ ಗಳಿಸಿರುತ್ತಾನೆ. ಅಂಗಡಿ ಮಾರುವಾಗ ಹೆಸರಿಗೂ ಬೆಲೆ ಕಟ್ಟುತ್ತಾರೆ. ಗುಮಾಸ್ತನಿಗೆ ಅದರಲ್ಲಿ ಒಂದು ಕಾಸೂ ಬರುವುದಿಲ್ಲ.

ಜೇಮ್ಸ್ ಬಾಂಡ್ ಎಂಬ ಪತ್ತೇದಾರನನ್ನು ನೋಡಿ. ಇಯಾನ್ ಫ್ಲೆಮಿಂಗ್ ಎಂಬ ಆಂಗ್ಲ ಲೇಖಕ 1953ರ ಕಾದಂಬರಿಯಲ್ಲಿ ಸೃಷ್ಟಿಸಿದ ಪಾತ್ರ ಇದು. 1962ರಲ್ಲಿ ಷಾನ್ ಕಾನರಿ ಮೊದಲು ಚಿತ್ರಕ್ಕೆ ತಂದರು. 1969ರಲ್ಲಿ ಜಾರ್ಜ್ ಲೇಜನ್‌ಬಿ ಒಂದೇ ಚಿತ್ರಕ್ಕೆ ಬಂದು ಹೋದರು. 1971ರಲ್ಲಿ ಮತ್ತೆ ಕಾನರಿ. 1973ರಿಂದ ರೋಜರ್ ಮೂರ್. 1987ರಿಂದ ತಿಮೊಥಿ ಡಾಲ್ಟನ್. 1995ರಿಂದ ಪಿಯರ್ಸ್ ಬ್ರಾಸ್ನನ್. 2006ರಿಂದ 2021ರ ತನಕ ಡೇನಿಯಲ್ ಕ್ರೇಗ್. ಒಂದೇ ಸಂಸ್ಥೆಯ 25 ಚಿತ್ರಗಳು, ಆರು ನಟರು. ಆರು ಮುಖ ಬದಲಾದರೂ ಹೆಸರಿನ ಬೆಲೆ ಏರುತ್ತಲೇ ಹೋಯಿತು. 2025ರ ಫೆಬ್ರವರಿಯಲ್ಲಿ ಆ ಪಾತ್ರದ ಮೇಲಿನ ಕಲಾ ಹಿಡಿತವೇ ಅಮೆಜಾನ್ ಎಂಬ ಮಹಾ ವ್ಯಾಪಾರ ಸಂಸ್ಥೆಯ ಕೈಗೆ ಹೋಗುವ ಒಪ್ಪಂದವಾಯಿತು. ಗಿರಣಿಯೊಂದು ಕೈ ಬದಲಾದಂತೆಯೇ ಪಾತ್ರವೂ ಕೈ ಬದಲಾಯಿತು. ಬಾಂಡ್ ಮಾಡಿದ ನಾಯಕರು ಬಡವರಾಗಲಿಲ್ಲ, ಅವರಿಗಾಗಿ ನಾವು ಕಣ್ಣೀರು ಸುರಿಸಬೇಕಾಗಿಲ್ಲ. ಆದರೆ ಪಾತ್ರ ಎಂಬುದು ಇಂದು ಯಂತ್ರದಂತೆ, ಜಮೀನಿನಂತೆ, ಕೊಡು ಕೊಳ್ಳುವ ಬಂಡವಾಳವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಬೆನ್ನು ಮುರಿದವನ ಕಥೆ

ಹೆಸರಾಂತ ನಾಯಕರನ್ನು ಬಿಟ್ಟು ಸಾಧಾರಣ ನಟರ ಕಡೆ ಬರೋಣ.

ಅಮೆರಿಕದಲ್ಲಿ 1964ರಿಂದ 1972ರ ವರೆಗೆ ಬಿವಿಚ್ಡ್ ಎಂಬ ಧಾರಾವಾಹಿ ನಡೆಯಿತು. ಮಾಟಗಾತಿಯೊಬ್ಬಳು ಸಾಮಾನ್ಯ ಮನುಷ್ಯನಾದ ಗಂಡನೊಡನೆ ಸಂಸಾರ ಮಾಡುವ ಹಾಸ್ಯದ ಕಥೆ. ಗಂಡನ ಪಾತ್ರ ಮಾಡಿದವರು ಡಿಕ್ ಯಾರ್ಕ್. ಅದಕ್ಕೆ ಕೆಲವು ವರ್ಷ ಮೊದಲು, 1959ರಲ್ಲಿ ತೆರೆಕಂಡ ಒಂದು ಚಿತ್ರದ ಚಿತ್ರೀಕರಣದಲ್ಲಿ, ಹಳಿಯ ಮೇಲೆ ಕೈಯಿಂದ ನಡೆಸುವ ಬಂಡಿಯ ದೃಶ್ಯದ ವೇಳೆ ಅವರ ಬೆನ್ನಿನ ಸ್ನಾಯುಗಳು ಹರಿದಿದ್ದವು. ಆ ನೋವನ್ನು ಹೊತ್ತುಕೊಂಡೇ ಐದು ವರ್ಷ ಧಾರಾವಾಹಿಯಲ್ಲಿ ನಗಿಸಿದರು. 1969ರಲ್ಲಿ ಚಿತ್ರೀಕರಣದ ಜಾಗದಲ್ಲೇ ಕುಸಿದುಬಿದ್ದರು. ಅಲ್ಲಿಗೆ ಮುಗಿಯಿತು. ಮುಂದಿನ ಕಂತುಗಳಲ್ಲಿ ಡಿಕ್ ಸಾರ್ಜೆಂಟ್ ಎಂಬ ಬೇರೆ ನಟ ಅದೇ ಗಂಡನಾಗಿ ಬಂದರು. ಕಥೆಯೊಳಗೆ ಯಾರೂ ಒಂದು ಮಾತನ್ನೂ ಆಡಲಿಲ್ಲ. ಹೆಂಡತಿ ಕೇಳಲಿಲ್ಲ, ಅತ್ತೆ ಕೇಳಲಿಲ್ಲ, ನೆರೆಮನೆಯವಳೂ ಕೇಳಲಿಲ್ಲ. ಇನ್ನೂ ಮೂರು ವರ್ಷ ಧಾರಾವಾಹಿ ನಡೆಯಿತು.

ಡಿಕ್ ಯಾರ್ಕ್ ಮುಂದೆ ಬಡತನವನ್ನೂ ಕಾಯಿಲೆಯನ್ನೂ ಕಂಡರು. ಉಸಿರಿನ ಬೇನೆಯಿಂದ ಹಾಸಿಗೆ ಹಿಡಿದಿದ್ದರೂ ಮನೆಯಿಲ್ಲದ ಬಡವರಿಗಾಗಿ ದೂರವಾಣಿಯಲ್ಲೇ ನೆರವು ಕೂಡಿಸುತ್ತಿದ್ದರು. 1992ರಲ್ಲಿ ತೀರಿಕೊಂಡರು. ಆ ಮನುಷ್ಯನ ದೊಡ್ಡತನಕ್ಕೆ ನಾವು ತಲೆ ಬಾಗುತ್ತೇವೆ. ಆದರೆ ನಮ್ಮ ಪ್ರಶ್ನೆ ಬೇರೆ. ಕೆಲಸದ ಜಾಗದಲ್ಲಿ ಆದ ಗಾಯ, ಕೆಲಸದ ಜಾಗದಲ್ಲಿ ಬಿದ್ದ ಮನುಷ್ಯ. ಪಾತ್ರಕ್ಕೆ ಬದಲಿ ಕೂಡಲೇ ದೊರೆಯಿತು, ಮನುಷ್ಯನ ಬಾಳಿಗೆ ಏನು ದೊರೆಯಿತು? ರಾಟೆಗೆ ಬೆರಳು ಕೊಟ್ಟ ಕಾರ್ಮಿಕನ ಜಾಗಕ್ಕೆ ಅದೇ ಪಾಳಿಯಲ್ಲಿ ಜಾಬರ್ ಬೇರೊಬ್ಬನನ್ನು ತಂದು ನಿಲ್ಲಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅದಕ್ಕಾಗಿ ಹೋರಾಡಿಯೇ ಪರಿಹಾರದ ಕಾನೂನು ಪಡೆದುಕೊಳ್ಳಬೇಕಾಯಿತು.

ಹೆಂಗಸರ ಪಾಡು ಇನ್ನೂ ಒಂದು ಕೈ ಮೇಲು. ಅಮೆರಿಕದಲ್ಲೇ 1990ರಲ್ಲಿ ಆರಂಭವಾದ ದಿ ಫ್ರೆಶ್ ಪ್ರಿನ್ಸ್ ಆಫ್ ಬೆಲ್ ಏರ್ ಎಂಬ ಧಾರಾವಾಹಿಯಲ್ಲಿ ನಾಯಕನ ತಾಯಿಯ ಸಹೋದರಿ ವಿವಿಯನ್ ಪಾತ್ರವನ್ನು ಜಾನೆಟ್ ಹ್ಯೂಬರ್ಟ್ ಮಾಡುತ್ತಿದ್ದರು. ಮೂರನೆಯ ವರ್ಷ ಅವರು ಗರ್ಭಿಣಿ. ಮುಂದಿನ ವರ್ಷಕ್ಕೆ ತಮಗೆ ಕೊಡಬಂದ ಕರಾರಿನಲ್ಲಿ ಕೆಲವೇ ವಾರಗಳ ಕೆಲಸ, ಅದೇ ಸಮಯದಲ್ಲಿ ಬೇರೆ ಕಡೆ ದುಡಿಯಬಾರದೆಂಬ ಕಟ್ಟು ಎರಡೂ ಇದ್ದವೆಂದು ಅವರು ಆಮೇಲೆ ಹೇಳಿದ್ದಾರೆ. ಅವರು ಒಪ್ಪಲಿಲ್ಲ. 1993ರಲ್ಲಿ ಡ್ಯಾಫ್ನಿ ಮ್ಯಾಕ್ಸ್‌ವೆಲ್ ರೀಡ್ ಆ ಪಾತ್ರಕ್ಕೆ ಬಂದರು. ಹೋದವಳು ಜಗಳಗಂಟಿ ಎಂಬ ಮಾತು ಲೋಕಕ್ಕೆಲ್ಲ ಹರಡಿತು. ಕರಾರಿನ ಮಾತು ಹರಡಲಿಲ್ಲ. ನಾಯಕ ನಟ ವಿಲ್ ಸ್ಮಿತ್ ಆಕೆಯೊಡನೆ ಎದುರು ಕೂತು ಮಾತಾಡಿ ರಾಜಿಯಾದದ್ದು 2020ರಲ್ಲಿ, 27 ವರ್ಷಗಳ ಬಳಿಕ. ಅಷ್ಟರಲ್ಲಿ ಒಬ್ಬ ನಟಿಯ ದುಡಿಯುವ ಪ್ರಾಯ ಕಳೆದುಹೋಗಿತ್ತು.

ನಮ್ಮ ದೇಶದ ಕಾನೂನು 1961ರಲ್ಲೇ ಹೆರಿಗೆಯ ಸೌಲಭ್ಯವನ್ನು ಹಕ್ಕೆಂದು ಒಪ್ಪಿತು. 2017ರ ತಿದ್ದುಪಡಿ ರಜೆಯನ್ನು 26 ವಾರಗಳಿಗೆ ಏರಿಸಿತು. ದಿನದ ಲೆಕ್ಕದಲ್ಲಿ ಬಣ್ಣ ಹಚ್ಚುವ ನಟಿ ಈ ಹಕ್ಕನ್ನು ಯಾರ ಬಾಗಿಲಲ್ಲಿ ಕೇಳಬೇಕು? ಮನಸ್ಸು ಮಾಡಿದರೆ ಜಾಗ ಕಾದಿಡಲು ಸಾಧ್ಯವಿಲ್ಲವೆಂದಲ್ಲ. ಮೇಲೆ ಹೇಳಿದ ಹಿಂದಿ ಧಾರಾವಾಹಿಯಲ್ಲಿ ದಯಾ ಎಂಬ ಗೃಹಿಣಿಯ ಪಾತ್ರ ಮಾಡುತ್ತಿದ್ದ ದಿಶಾ ವಕಾನಿ 2017ರಲ್ಲಿ ಹೆರಿಗೆಗೆಂದು ಹೋದರು. ಆ ಪಾತ್ರಕ್ಕೆ ವರ್ಷಗಟ್ಟಲೆ ಬೇರೆಯವರು ಬರಲಿಲ್ಲ, ಧಾರಾವಾಹಿಯೂ ನಿಲ್ಲಲಿಲ್ಲ. ಒಬ್ಬ ಪ್ರಸಿದ್ಧ ನಟಿಗೆ ಲಾಭಕ್ಕಾಗಿ ಕಾಯಬಹುದಾದರೆ, ಸಾಮಾನ್ಯ ನಟಿಗೆ ನ್ಯಾಯಕ್ಕಾಗಿ ಆರು ತಿಂಗಳು ಕಾಯಲಾಗದೆ?

ಮುಖವನ್ನೇ ಕದ್ದರು

ಪಾತ್ರ ಕಂಪನಿಯದು ಎಂದು ಒಪ್ಪಿಕೊಳ್ಳೋಣ. ಮುಖ ಯಾರದು?

1985ರಲ್ಲಿ ಬಂದ ಬ್ಯಾಕ್ ಟು ದಿ ಫ್ಯೂಚರ್ ಎಂಬ ಅಮೆರಿಕದ ಚಿತ್ರದಲ್ಲಿ ಕ್ರಿಸ್ಪಿನ್ ಗ್ಲವರ್ ನಾಯಕನ ತಂದೆಯಾಗಿದ್ದರು. ಎರಡನೆಯ ಭಾಗಕ್ಕೆ ಅವರಿಗೂ ನಿರ್ಮಾಪಕರಿಗೂ ಮಾತು ಕುದುರಲಿಲ್ಲ. ಕಂಪನಿ ಜೆಫ್ರಿ ವೈಸ್‌ಮನ್ ಎಂಬ ಬೇರೆ ನಟನನ್ನು ತಂದಿತು. ಇಲ್ಲಿಯ ತನಕ ತಕರಾರಿಲ್ಲ. ಆದರೆ ಹೊಸಬನ ಮುಖದ ಮೇಲೆ ಹಳಬನ ಮುಖವನ್ನೇ ಹೋಲುವ ಮುಖವಾಡದ ಬಣ್ಣಗಾರಿಕೆ ಮಾಡಿ, ಮೊದಲ ಚಿತ್ರದ ತುಣುಕುಗಳನ್ನೂ ಸೇರಿಸಿ, ಹಳಬನೇ ಇದ್ದಾನೆಂದು ಜನ ನಂಬುವಂತೆ 1989ರಲ್ಲಿ ಚಿತ್ರ ಬಿಡುಗಡೆ ಮಾಡಿದರು. ಗ್ಲವರ್ ನ್ಯಾಯಾಲಯಕ್ಕೆ ಹೋದರು; ದಾವೆ ರಾಜಿಯಲ್ಲಿ ಮುಗಿಯಿತು. ಅದರ ಬಳಿಕ ಅಲ್ಲಿಯ ನಟರ ಸಂಘ ಇಂತಹ ಬಳಕೆಗೆ ಕಡಿವಾಣ ಹಾಕುವ ನಿಯಮಗಳನ್ನು ತಂದಿತು. ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು: ಹೊಸಬನಿಗೂ ಇದರಿಂದ ಗೌರವವಾಗಲಿಲ್ಲ. ಆತನ ಕೆಲಸವೆಲ್ಲ ಇನ್ನೊಬ್ಬನ ಮುಖದ ಅಡಿಯಲ್ಲಿ ಹೂತುಹೋಯಿತು.

ಅಂದು ಅಂಟು, ಬಣ್ಣಗಳಿಂದ ಮಾಡಿದ ಕೆಲಸವನ್ನು ಈಗ ಗಣಕಯಂತ್ರ ಮಾಡುತ್ತದೆ. 1994ರಲ್ಲಿ ತೀರಿಕೊಂಡ ಪೀಟರ್ ಕುಷಿಂಗ್ 2016ರಲ್ಲಿ ಸ್ಟಾರ್ ವಾರ್ಸ್ ಮಾಲೆಯ ರೋಗ್ ಒನ್ ಎಂಬ ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡರು. ನಡೆದವರು, ಮಾತಾಡಿದವರು ಗೈ ಹೆನ್ರಿ ಎಂಬ ನಟ. ಮುಖ ಮಾತ್ರ ಯಂತ್ರ ಕಟ್ಟಿದ ಕುಷಿಂಗ್ ಅವರದು. ವಾರಸುದಾರರ ಒಪ್ಪಿಗೆ ಪಡೆದೇ ಇದನ್ನು ಮಾಡಿದರು. ಆದರೂ ದಾರಿ ಎತ್ತ ಸಾಗುತ್ತಿದೆ ಎಂದು ಕಾಣುತ್ತದೆಯಷ್ಟೆ. ನಾಳೆ ಬದಲಿಯವನೂ ಬೇಡ. ಒಂದು ದಿನ ನಟನನ್ನು ಕರೆಸಿ, ಮುಖದ ಅಚ್ಚು ತೆಗೆದುಕೊಂಡು, ಒಂದು ದಿನದ ಕೂಲಿ ಕೊಟ್ಟು ಕಳುಹಿಸಿದರೆ ಸಾಕು. ಮುಂದೆ ವರ್ಷಾನುಗಟ್ಟಲೆ ಯಂತ್ರವೇ ದುಡಿಯುತ್ತದೆ.

ಈ ಭಯ ನಮ್ಮ ಕಲ್ಪನೆಯಲ್ಲ. ಅಮೆರಿಕದ ನಟನಟಿಯರು 2023ರ ಜುಲೈ 14ರಿಂದ ನವೆಂಬರ್ 9ರ ವರೆಗೆ 118 ದಿನ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ನಟನ ಯಾಂತ್ರಿಕ ಪ್ರತಿರೂಪವನ್ನು ಮಾಡಬೇಕಾದರೆ ಅವನ ಒಪ್ಪಿಗೆ ಬೇಕು, ಸಂಭಾವನೆ ಕೊಡಬೇಕು ಎಂಬ ಮಾತನ್ನು ಅವರು ಒಪ್ಪಂದದಲ್ಲಿ ಬರೆಯಿಸಿಕೊಂಡರು. ಕೋಟ್ಯಧೀಶ ತಾರೆಯರೂ ದಿನಗೂಲಿಯ ಸಹನಟರೂ ಒಂದೇ ಸಾಲಿನಲ್ಲಿ ಫಲಕ ಹಿಡಿದು ನಿಂತದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ ಅನಿಲ್ ಕಪೂರ್ ಅವರಂತಹ ತಾರೆ 2023ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ ತಮ್ಮ ಹೆಸರು, ಮುಖ, ದನಿಗಳನ್ನು ಬೇರೆಯವರು ಬಳಸದಂತೆ ಆಜ್ಞೆ ತಂದರು. ಒಳ್ಳೆಯದಾಯಿತು. ಆದರೆ ಧಾರಾವಾಹಿಯಲ್ಲಿ ಅಡುಗೆಯವನಾಗಿ, ಚಿಕ್ಕಪ್ಪನಾಗಿ, ನೆರೆಮನೆಯವಳಾಗಿ ಬರುವವರು ಹೈಕೋರ್ಟಿನ ಮೆಟ್ಟಿಲು ಹತ್ತುವುದು ಹೇಗೆ?

ಸರಿಯಾಗಿ ಮಾಡಿದ ನಿದರ್ಶನವೂ ಇದೆ

ಬದಲಾವಣೆಯನ್ನು ಮರ್ಯಾದೆಯಿಂದ ಮಾಡಲು ಬರುತ್ತದೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಬಿ.ಬಿ.ಸಿ. 1963ರಲ್ಲಿ ಡಾಕ್ಟರ್ ಹೂ ಎಂಬ ಮಾಲೆಯನ್ನು ಆರಂಭಿಸಿತು. ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುವ, ಬೇರೆ ಲೋಕದ ಮುದುಕನೊಬ್ಬನ ಕಥೆ. ವಿಲಿಯಂ ಹಾರ್ಟ್‌ನೆಲ್ ಮೂರು ವರ್ಷ ಆ ಪಾತ್ರ ಮಾಡಿದರು. ಅವರ ಆರೋಗ್ಯ ಕುಗ್ಗಿತು, ಮಾತು ನೆನಪಿನಲ್ಲಿ ಉಳಿಯದಾಯಿತು. 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್ ಆ ಜಾಗಕ್ಕೆ ಬಂದರು. ಹಳಬನಂತೆ ಕಾಣುವ ನಟನನ್ನು ಅವರು ಹುಡುಕಲಿಲ್ಲ, ಹಳಬನ ಅನುಕರಣೆಯನ್ನೂ ಮಾಡಿಸಲಿಲ್ಲ. ಬೇರೆ ಲೋಕದವನಾದ್ದರಿಂದ ಅವನ ದೇಹವೇ ಹೊಸದಾಗುತ್ತದೆ ಎಂದು ಕಥೆಯಲ್ಲಿ ಬಹಿರಂಗವಾಗಿ ಹೇಳಿದರು. ಹೊಸ ನಟ, ಹೊಸ ನಡೆ, ಹೊಸ ಸ್ವಭಾವ. 1972ರ ಕೊನೆಯಲ್ಲಿ ಪ್ರಸಾರವಾಗತೊಡಗಿದ ಕಥೆಯೊಂದಕ್ಕೆ ಹಳಬರಾದ ಹಾರ್ಟ್‌ನೆಲ್ ಅವರನ್ನೂ ಕರೆಸಿ, ಅವರ ಬಳಿಕ ಬಂದ ಇಬ್ಬರ ಜೊತೆಗೆ ಕಾಣಿಸಿದರು. ನಡುವೆ ಹಲವು ವರ್ಷ ನಿಂತಿದ್ದ ಮಾಲೆ 2005ರಲ್ಲಿ ಮತ್ತೆ ಶುರುವಾಯಿತು. 2018ರಲ್ಲಿ ಜೋಡಿ ವಿಟೇಕರ್ ಎಂಬ ಹೆಂಗಸೇ ಆ ಪಾತ್ರದಲ್ಲಿ ಬಂದರು.

ಇದರಲ್ಲಿ ನಾವು ಕಲಿಯತಕ್ಕದ್ದು ಇಷ್ಟು. ಹೋದವನನ್ನು ಮರೆಮಾಚಲಿಲ್ಲ, ಬಂದವನನ್ನು ಹೋದವನ ನಕಲು ಮಾಡಲಿಲ್ಲ, ನೋಡುವವರನ್ನು ಮೂರ್ಖರೆಂದು ತಿಳಿಯಲಿಲ್ಲ.

ನೋಡುವವರು ಮೂರ್ಖರಲ್ಲವೆಂಬುದಕ್ಕೆ ನಮ್ಮ ದೇಶದಲ್ಲೂ ಪುರಾವೆ ಇದೆ. ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ ಎಂಬ ಹಿಂದಿ ಧಾರಾವಾಹಿ 2000ದಿಂದ 2008ರ ತನಕ ನಡೆಯಿತು. ಅದರ ನಾಯಕ ಮಿಹಿರನಾಗಿ ಮೊದಲು ಅಮರ್ ಉಪಾಧ್ಯಾಯ, ಆಮೇಲೆ ಸ್ವಲ್ಪ ಕಾಲ ಇಂದರ್ ಕುಮಾರ್, ಆಮೇಲೆ ರೋಣಿತ್ ರಾಯ್ ಬಂದರು. ಮೊದಲ ಮಿಹಿರನಿಗಾಗಿ ಮಿಡಿದ ಜನರೇ ಮೂರನೆಯ ಮಿಹಿರನನ್ನೂ ಒಪ್ಪಿದರು. ತುಲಸಿಯ ಪಾತ್ರದಲ್ಲಿ ಸ್ಮೃತಿ ಇರಾನಿಯವರ ಜಾಗಕ್ಕೆ 2007ರಲ್ಲಿ ಗೌತಮಿ ಕಪೂರ್ ಬಂದರು. 2008ರಲ್ಲಿ ಮತ್ತೆ ಸ್ಮೃತಿಯವರೇ ಬಂದರು. 2025ರ ಜುಲೈನಲ್ಲಿ ಆ ಧಾರಾವಾಹಿ ಹೊಸದಾಗಿ ಆರಂಭವಾದಾಗ ಮೊದಲಿನ ತುಲಸಿಯೂ ಮೊದಲಿನ ಮಿಹಿರನೂ ಜೊತೆಯಾಗಿ ಬಂದರು. ಜನ ಪ್ರೀತಿಯಿಂದ ನೋಡುತ್ತಾರೆ; ಜನ ಮರೆಯುವುದೂ ಇಲ್ಲ.

ಕನ್ನಡದ ಮಾತು

ಕನ್ನಡ ಕಿರುತೆರೆಯಲ್ಲೂ ಇದು ದಿನನಿತ್ಯದ ಸಂಗತಿಯಾಗಿದೆ. 2019ರಲ್ಲಿ ಆರಂಭವಾದ ಜೊತೆ ಜೊತೆಯಲಿ ಧಾರಾವಾಹಿಯಲ್ಲಿ ಆರ್ಯವರ್ಧನನಾಗಿ ಮನೆಮಾತಾದ ಅನಿರುದ್ಧ ಅವರು 2022ರ ಆಗಸ್ಟಿನಲ್ಲಿ ಅದರಿಂದ ಹೊರಗಾದರು. ಚಿತ್ರೀಕರಣದಲ್ಲಿ ಜಗಳವಾಯಿತೆಂದು ನಿರ್ಮಾಪಕರ ಕಡೆಯವರು ಹೇಳಿದರು. ನಟರು ತಮ್ಮ ಕಡೆಯ ಮಾತನ್ನು ಹೇಳಿದರು. ಆ ಜಗಳಕ್ಕೆ ತೀರ್ಪು ಕೊಡುವುದು ಈ ಬರಹದ ಉದ್ದೇಶವಲ್ಲ. ನಟರನ್ನು ಎರಡು ವರ್ಷ ಕಿರುತೆರೆಯಿಂದಲೇ ದೂರವಿಡಬೇಕೆಂದು ನಿರ್ಮಾಪಕರ ಸಂಘ ತೀರ್ಮಾನಿಸಿತೆಂಬ ವರದಿ ಆಗ ಪತ್ರಿಕೆಗಳಲ್ಲಿ ಬಂತು. ನಮಗೆ ಯೋಚನೆಗೆ ಹಚ್ಚಿದ್ದು ಇದು. ಒಂದು ಪಾತ್ರದಿಂದ ತೆಗೆಯುವುದು ಒಂದು ವಿಷಯ. ಇಡೀ ಕಸುಬಿನ ಬಾಗಿಲನ್ನೇ ಹಾಕುವುದು ಇನ್ನೊಂದು ವಿಷಯ. ಒಂದು ಗಿರಣಿಯಲ್ಲಿ ಕೆಲಸ ಕಳೆದುಕೊಂಡವನ ಹೆಸರನ್ನು ಊರಿನ ಎಲ್ಲ ಗಿರಣಿಗಳ ಬಾಗಿಲಲ್ಲಿ ಅಂಟಿಸಿದರೆ ಹೇಗಾದೀತು? ಯಾರೇ ತಪ್ಪು ಮಾಡಿರಲಿ, ವಾದಿಯೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರುವುದು ನ್ಯಾಯವಲ್ಲ.

ಹಣದ ಬಾಕಿಯದೂ ಹೀಗೆಯೇ. ತಾರಕ್ ಮೆಹ್ತಾ ಧಾರಾವಾಹಿಯಲ್ಲಿ ಹೆಸರಿಗೆ ಕಾರಣವಾದ ಪಾತ್ರವನ್ನೇ ಮಾಡುತ್ತಿದ್ದ ಶೈಲೇಶ್ ಲೋಢಾ 2022ರಲ್ಲಿ ಬಿಟ್ಟರು. ಸಚಿನ್ ಶ್ರಾಫ್ ಆ ಪಾತ್ರಕ್ಕೆ ಬಂದರು. ಹೊಸ ಮುಖ ಪರದೆಗೆ ಬಂದು ಎಷ್ಟೋ ತಿಂಗಳಾದರೂ ಹಳಬರ ಬಾಕಿಯ ವ್ಯಾಜ್ಯ ನ್ಯಾಯಮಂಡಳಿಯಲ್ಲಿತ್ತು; 2023ರಲ್ಲಿ ರಾಜಿಯಾಯಿತು. ಹೆಸರುವಾಸಿ ನಟನೇ ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾದರೆ ಸಣ್ಣ ಪುಟ್ಟವರ ಪಾಡೇನು?

ಆಗಬೇಕಾದ್ದೇನು?

ಕಾನೂನು ಪೂರಾ ಇಲ್ಲವೆಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಪ್ರದರ್ಶನ ನೀಡಿದ ಕಲಾವಿದನಿಗೆ ಅದರ ವ್ಯಾಪಾರೀ ಬಳಕೆಯಲ್ಲಿ ಗೌರವಧನದ ಹಕ್ಕನ್ನೂ, ತನ್ನ ಪ್ರದರ್ಶನವನ್ನು ವಿಕಾರಗೊಳಿಸದಂತೆ ತಡೆಯುವ ಹಕ್ಕನ್ನೂ ಮಾನ್ಯ ಮಾಡಿತು. ಕೆಲಸಗಾರರ ಸುರಕ್ಷತೆ, ಆರೋಗ್ಯಗಳ ಬಗ್ಗೆ 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆ, ದೃಶ್ಯ ಶ್ರವಣ ಕಾರ್ಯಕ್ರಮಗಳ ಕೆಲಸಗಾರರೊಡನೆ ಲಿಖಿತ ಕರಾರು ಇರಬೇಕೆಂದು ಹೇಳಿತು. ಆದರೆ ಕಾನೂನು ಕಪಾಟಿನಲ್ಲಿದ್ದರೆ ಹೊಟ್ಟೆ ತುಂಬುವುದಿಲ್ಲ. ಅದನ್ನು ಕೈಗೆ ತರುವುದು ಸಂಘಟನೆಯ ಕೆಲಸ.

ನಮ್ಮ ಅಭಿಪ್ರಾಯದಲ್ಲಿ ಕಿರುತೆರೆಯ ಕಲಾವಿದರು ಮೊದಲು ಕೇಳಬೇಕಾದ್ದು ಇವು. ಕರಾರು ಅವರು ಓದಬಲ್ಲ ಭಾಷೆಯಲ್ಲಿರಬೇಕು; ಅದರ ಒಂದು ಪ್ರತಿ ಅವರ ಕೈಯಲ್ಲಿರಬೇಕು. ತೆಗೆಯುವ ಮುನ್ನ ಕಾರಣವನ್ನೂ ಅವಧಿಯನ್ನೂ ತಿಳಿಸಬೇಕು. ನಟನೂ ಹಾಗೆಯೇ, ಅವಧಿ ಕೊಡದೆ ನಡುವೆ ಕೈಬಿಟ್ಟು ಹೋಗಬಾರದು. ಹೊಸ ಮುಖ ಪರದೆಗೆ ಬರುವ ದಿನದೊಳಗೆ ಹಳಬನ ಬಾಕಿ ಚುಕ್ತಾ ಆಗಿರಬೇಕು. ಕಾಯಿಲೆ, ಗಾಯ, ಹೆರಿಗೆಯ ಕಾರಣಕ್ಕೆ ಬಂದ ಬದಲಿ, ಗಿರಣಿಯ ಬದಲಿಯಂತೆ, ನಿಗದಿಯ ಕಾಲಕ್ಕೆ ಮಾತ್ರ. ಹಳಬರು ಮರಳಿ ಬಂದರೆ ಅವರ ಜಾಗ ಅವರಿಗೆ. ಹಾಗೆ ಬಂದ ಬದಲಿಗೂ ಮೊದಲೇ ಆ ಮಾತನ್ನು ತಿಳಿಸಿ, ಮುಂದೆ ಬೇರೆ ಪಾತ್ರ ಕೊಡುವ ಏರ್ಪಾಡಿರಬೇಕು. ಮುಖವನ್ನಾಗಲಿ ದನಿಯನ್ನಾಗಲಿ ಯಂತ್ರದಿಂದ ಪುನಃ ಸೃಷ್ಟಿಸುವುದಾದರೆ ಪ್ರತಿ ಸಲವೂ ಒಪ್ಪಿಗೆ, ಪ್ರತಿ ಸಲವೂ ಸಂಭಾವನೆ. ಜಗಳ ಬಂದರೆ ಎರಡು ಕಡೆಯವರೂ ಸಮನಾಗಿ ಕೂರುವ ಪಂಚಾಯಿತಿ ಬೇಕೇ ಹೊರತು ಒಂದೇ ಕಡೆಯವರ ಬಹಿಷ್ಕಾರ ಕೂಡದು.

ನೋಡುವವರಾದ ನಮ್ಮೆಲ್ಲರಿಗೂ ಒಂದು ಹೊಣೆ ಇದೆ. ಹೊಸದಾಗಿ ಬಂದ ನಟನನ್ನೋ ನಟಿಯನ್ನೋ ಮೊದಲ ದಿನವೇ ಹಂಗಿಸುವುದು, ಹಳಬರ ಕಾಲಧೂಳಿಗೂ ಸಮವಲ್ಲ ಎಂದು ಬೀದಿಯಲ್ಲಿ ಕೂಗುವುದು ನಮಗೆ ಶೋಭೆಯಲ್ಲ. ಬದಲಿಯವನು ಯಾರ ಅನ್ನವನ್ನೂ ಕದಿಯಲು ಬಂದವನಲ್ಲ. ಅವನೂ ಹೊಟ್ಟೆಪಾಡಿಗೆ ಬಾಗಿಲಲ್ಲಿ ಕಾದು ನಿಂತವನೇ. ನಾಳೆ ಅವನ ಜಾಗಕ್ಕೂ ಇನ್ನೊಬ್ಬ ಬರುತ್ತಾನೆ. ಕಾಯಮ್ಮಾದವನೂ ಬದಲಿಯೂ ಕಚ್ಚಾಡಿದರೆ ಲಾಭ ಯಾರಿಗೆಂಬುದನ್ನು ಗಿರಣಿಯ ಜನಕ್ಕೆ ನಾವು ಹೇಳಬೇಕಾಗಿಲ್ಲ.

ಆದುದರಿಂದ ಪರದೆಯ ಮೇಲೆ ಹೊಸ ಮುಖ ಕಂಡಾಗ, ಈತ ಚೆನ್ನಾಗಿ ಮ
ಾಡುತ್ತಾನೆಯೇ ಎಂದು ಕೇಳಿ, ತಪ್ಪಿಲ್ಲ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವ ಅಭ್ಯಾಸ ಮಾಡಿಕೊಳ್ಳಿ: ಹೋದವನು ಯಾಕೆ ಹೋದ, ಅವನ ಕೂಲಿ ಅವನ ಕೈ ಸೇರಿತೆ?